ಗ್ರೂಪು ಒಡೆಯದಂತೆ ಹಿಡಿದಿಟ್ಟವರಿಗೆ

ಜಗಳ ತಣ್ಣಗಾಗಿದೆ, ಗ್ರೂಪು ಉಳಿದಿದೆ. "ಎಲ್ಲರಿಗೂ ವಂದನೆಗಳು" ಎಂದು ಕೈಮುಗಿಯುವ ಎಮೋಜಿ ಹಾಕಿ ಮುಗಿಸಬಹುದಿತ್ತು. ಆದರೆ ಯಾವುದರಿಂದ ಉಳಿಯಿತು ಎಂದು ಬರೆದಿಡದಿದ್ದರೆ ಮುಂದಿನ ಜಗಳದಲ್ಲಿ (ಬಂದೇ ಬರುತ್ತದೆ) ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಹಾಗಾಗಿ ಅಡ್ಮಿನ್‌ಗಳ ಪರವಾಗಿ, ಇಂಥದ್ದಕ್ಕೆ ಎಂದು ಹೆಸರಿಸಿಯೇ ಈ ಕೃತಜ್ಞತೆ.

ಮೊದಲು, ಮಾತು ಬಿಸಿಯೇರಿದಾಗ ಗ್ರೂಪಿನಲ್ಲಿ ಉತ್ತರಿಸದೆ ಖಾಸಗಿಯಾಗಿ ಮೆಸೇಜು ಮಾಡಿದವರಿಗೆ. ನೂರಾರು ಜನ ನೋಡುತ್ತಿರುವಾಗ ಯಾರೂ ತಪ್ಪೊಪ್ಪಿಕೊಳ್ಳುವುದಿಲ್ಲ, ಸೋತಂತಾಗುತ್ತದೆ. ಇಬ್ಬರೇ ಇದ್ದಾಗ "ಹೌದು, ಸ್ವಲ್ಪ ಖಾರವಾಯಿತು" ಎನ್ನುವುದು ಸಲೀಸು. ನೀವು ಬರೆದ ರೀತಿಯೂ ಕೆಲಸ ಮಾಡಿತು: ಚುಚ್ಚಿದ ಒಂದೇ ಒಂದು ವಾಕ್ಯವನ್ನು ಎತ್ತಿಕೊಂಡಿರಿ, ಅದು ನಿಮಗೆ ಹೇಗೆ ಕೇಳಿಸಿತೆಂದು ಹೇಳಿದಿರಿ, "ನೀವು ಹೇಳಹೊರಟದ್ದು ಅದೇನಾ?" ಎಂದು ಕೇಳಿ ನಿಲ್ಲಿಸಿದಿರಿ. ಹಳೆಯ ಲೆಕ್ಕವನ್ನೆಲ್ಲ ಅದಕ್ಕೆ ಸೇರಿಸಿದ್ದರೆ ಎದುರಿನವರು ಒಂದೊಂದಕ್ಕೂ ಸಮಜಾಯಿಷಿ ಕೊಡುತ್ತ ಕೂರುತ್ತಿದ್ದರು. ಅಕ್ಷರಕ್ಕೆ ದನಿಯಿಲ್ಲ. ಬರೀ "ಸರಿ." ಎಂದರೂ ಸಿಟ್ಟಿನಂತೆ ಕಾಣಬಹುದು. ಇದು ಹಳೆಯ ಕಾಯಿಲೆಯೇ: ತಮಾಷೆಯನ್ನು ಜನ ನಿಜವೆಂದು ಓದುತ್ತಾರೆಂದೇ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಸ್ಕಾಟ್ ಫಾಲ್ಮನ್ 1982ರಲ್ಲಿ ವಿರಾಮಚಿಹ್ನೆಗಳಿಂದ ಮಾಡಿದ ನಗುಮುಖವನ್ನು ಸೂಚಿಸಿದ್ದು.

ಸ್ಕ್ರೀನ್‌ಶಾಟ್ ಕೈಗೆ ಬಂದರೂ ಮುಂದಕ್ಕೆ ಕಳಿಸದವರಿಗೆ ದೊಡ್ಡ ನಮಸ್ಕಾರ. ಕತ್ತರಿಸಿದ ಚಿತ್ರದಲ್ಲಿ ಹಿಂದಿನ ಹತ್ತು ಸಾಲು ಇರುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಒಮ್ಮೆ ಖಾಸಗಿ ಮಾತು ಹೊರಬಿದ್ದರೆ ಆಮೇಲೆ ಯಾರೂ ಯಾರೊಂದಿಗೂ ಬಿಚ್ಚಿ ಮಾತಾಡುವುದಿಲ್ಲ.

ಚಿಕ್ಕ ಚಿಕ್ಕ ಉಪಗುಂಪುಗಳಲ್ಲಿ "ಅವರೇ ಇಲ್ಲಿಲ್ಲ, ಅವರ ಮಾತು ಬೇಡ" ಎಂದವರಿಗೂ ಋಣಿಗಳು. ಉಪಗುಂಪು ಕೆಟ್ಟದ್ದೆಂದು ನಾವು ಹೇಳುವುದಿಲ್ಲ, ಗೆಳೆತನ ಗಟ್ಟಿಯಾಗುವುದು ಅಲ್ಲೇ. ಆದರೆ ಐದಾರು ಜನ ಒಂದೇ ಅಭಿಪ್ರಾಯದವರು ಸೇರಿ ಗೈರುಹಾಜರಾದವರ ಬಗ್ಗೆ ಮಾತಾಡಿದರೆ ಅನುಮಾನ ಬೆಳಗಾಗುವಷ್ಟರಲ್ಲಿ ಖಚಿತ ತೀರ್ಮಾನವಾಗಿರುತ್ತದೆ.

ಅಡ್ಮಿನ್‌ಗಳ ಬಿಗಿಯನ್ನು ಸಹಿಸಿದ್ದಕ್ಕೂ ಧನ್ಯವಾದ. "ಅಡ್ಮಿನ್ ಮಾತ್ರ ಬರೆಯಬಹುದು" ಎಂದು ಬೀಗ ಹಾಕುವುದು ಒಂದು ರಾತ್ರಿಗೆ ಸರಿ. ದಿನಗಟ್ಟಲೆ ಇಟ್ಟರೆ ಜಗಳ ಕಣ್ಣಿಗೆ ಕಾಣದ ಕಡೆಗೆ ಹೋಗುತ್ತದೆ. ಟೆಲಿಗ್ರಾಂನ ಸ್ಲೋ ಮೋಡ್ ಇದಕ್ಕಿಂತ ಮೇಲು: ಒಬ್ಬರ ಎರಡು ಮೆಸೇಜುಗಳ ನಡುವೆ ಕೆಲವು ಸೆಕೆಂಡಿನಿಂದ 1 ಗಂಟೆಯವರೆಗೆ ಅಂತರ ಇಡಬಹುದು. ಬಾಯಿ ಮುಚ್ಚಿಸಿದಂತೆ ಆಗುವುದಿಲ್ಲ, ಬೆರಳಿನ ಆತುರ ಮಾತ್ರ ಇಳಿಯುತ್ತದೆ. ಮೆಸೇಜು ಅಳಿಸಿದಾಗಲೆಲ್ಲ ಕಾರಣ ಒಂದು ಸಾಲಿನಲ್ಲಿ ಬರೆಯಿರಿ ಎಂದು ಪಟ್ಟುಹಿಡಿದವರು ನೀವು. ಕಾರಣ ಕಾಣದಿದ್ದರೆ ಪಕ್ಷಪಾತವೇ ಕಾಣುತ್ತದೆ, ನಿಮ್ಮ ಮಾತು ಸರಿ.

ಈ ಗಲಾಟೆಯ ನಡುವೆಯೂ ಹೊಸಬರ ಮೊದಲ ಪ್ರಶ್ನೆಗೆ ಉತ್ತರ ಕೊಟ್ಟವರನ್ನು ಮರೆಯುವಂತಿಲ್ಲ. ಮೊದಲ ಪ್ರಶ್ನೆಗೆ ಮೌನವೇ ಉತ್ತರವಾದರೆ ಎರಡನೆಯದನ್ನು ಕೇಳುವವರು ಕಡಿಮೆ.

ಬಿಟ್ಟುಹೋದವರನ್ನು ಮೂರ್ನಾಲ್ಕು ದಿನ ಬಿಟ್ಟು ಮಾತಾಡಿಸಿದವರಿಗೆ ಏನು ಹೇಳಿದರೂ ಕಡಿಮೆಯೇ. ಅದೇ ದಿನ ಕರೆದರೆ ವಾದ ಮುಂದುವರಿಯುತ್ತದೆ, ತಿಂಗಳು ಕಳೆದರೆ ಮುಜುಗರ ಗೋಡೆಯಾಗುತ್ತದೆ. ನೀವು ಜಗಳದ ಸುದ್ದಿ ಎತ್ತದೆ, ಅವರಿಗೆ ಚೆನ್ನಾಗಿ ಗೊತ್ತಿರುವ ವಿಷಯದ ಬಗ್ಗೆ ಒಂದು ಪ್ರಶ್ನೆ ಕೇಳಿದಿರಿ. ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ಆಪ್ತತೆಗೆ 200ಕ್ಕೂ ಹೆಚ್ಚು ಗಂಟೆ ಜೊತೆಯಲ್ಲಿ ಕಳೆಯಬೇಕೆಂದು ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಅಂದಾಜಿಸಿದ್ದರು. ಎರಡೆರಡು ಸಾಲಿನ ಮೆಸೇಜುಗಳಲ್ಲಿ ಅಷ್ಟು ಹೊತ್ತು ಕೂಡಲು ವರ್ಷಗಳೇ ಬೇಕು. ಹಾಗೆ ಕೂಡಿದ ಗೆಳೆತನ ಒಂದು ಸಂಜೆಯಲ್ಲಿ ಕರಗದಂತೆ ಕಾದವರು ನೀವು.

ಇನ್ನೂ ಮರಳದವರಿಗೆ: ಸೇರುವ ಲಿಂಕ್ ಬದಲಾಗಿಲ್ಲ. ಬಂದಾಗ ವಿವರಣೆ ಯಾರೂ ಕೇಳುವುದಿಲ್ಲ.