ದೂರು: ನಾನು ಹಾಕಿದ ದುಡ್ಡನ್ನೇ ಲಾಭವೆಂದು ತೋರಿಸುತ್ತಿರುವ ನಿಮ್ಮ ಉಚಿತ ಆಪ್

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಮೂರು ಫೋನ್ ಕರೆ, ಎರಡು ಇಮೇಲ್, ಒಂದು ಚಾಟ್ ಆದ ಮೇಲೆ ಈ ಪತ್ರ. ನನ್ನ ದೂರಿನ ಟಿಕೆಟ್‌ ‘ಪರಿಹರಿಸಲಾಗಿದೆ’ ಎಂದು ನೀವು ಮುಚ್ಚಿರುವುದು ಇದು ನಾಲ್ಕನೇ ಸಲ. ಪರಿಹಾರ ಏನೆಂದು ನನಗೂ ತಿಳಿಸಿದ್ದರೆ ಚೆನ್ನಾಗಿತ್ತು.

ನಿಮ್ಮ ಆಪ್‌ನಲ್ಲಿ ಲೆಕ್ಕವಿಡುವ ನನ್ನ ಷೇರುಗಳಿಗೆ ವರ್ಷದ ಆರಂಭದಲ್ಲಿ 1,00,000 ರೂಪಾಯಿ ಹಾಕಿದೆ. ಆರು ತಿಂಗಳಿಗೆ ಇನ್ನೊಂದು 1,00,000. ವರ್ಷ ತುಂಬಿದಾಗ ಒಟ್ಟು ಮೌಲ್ಯ 2,10,000. ನಿಮ್ಮ ಆಪ್ ಹಸಿರು ಅಕ್ಷರದಲ್ಲಿ ತೋರಿಸುವ ಲಾಭ ಶೇ. 110! ಪ್ರತಿ ಮೊತ್ತ ಹಾಕಿದ ದಿನಾಂಕ ಹಿಡಿದು ವಾರ್ಷಿಕ ಲಾಭದ ದರ ಹೇಳುವ ಎಕ್ಸ್‌ಐಆರ್‌ಆರ್ ಲೆಕ್ಕದಲ್ಲಿ ಬರಬೇಕಾದದ್ದು ಸುಮಾರು ಶೇ. 6.7. ನಾಳೆ ಮತ್ತೊಂದು ಲಕ್ಷ ಹಾಕಿದರೆ ನಿಮ್ಮ ಪ್ರಕಾರ ಶೇ. 210, ಮಾರುಕಟ್ಟೆ ಕದಲಬೇಕಾಗಿಯೂ ಇಲ್ಲ. ಹಣ ಹಾಕಿದ ದಿನಾಂಕವನ್ನು ಲೆಕ್ಕಕ್ಕೆ ಹಿಡಿಯುತ್ತೇವೆಂದು ಸಹಾಯ ಪುಟದಲ್ಲಿ ಬರೆದವರು ನೀವೇ, ನಾನು ಹೇಳಿಕೊಡಬೇಕಿಲ್ಲ.

ಮೊನ್ನೆಯ ಚಾಟ್ ಮಾತ್ರ ಮರೆಯಲಾಗುತ್ತಿಲ್ಲ. ಇಪ್ಪತ್ತೆರಡು ನಿಮಿಷ ಕಾಯಿಸಿ ಬಂದ ನಿಮ್ಮ ಪ್ರತಿನಿಧಿ ಕೇಳಿದ್ದು, “ಸರ್, ಆಪ್ ಅಪ್‌ಡೇಟ್ ಮಾಡಿದ್ದೀರಾ?” ಮಾಡಿದ್ದೇನೆ ಎಂದೆ. “ಡಿಲೀಟ್ ಮಾಡಿ ಮತ್ತೆ ಹಾಕ್ಕೊಳ್ಳಿ.” ಹಾಕಿಕೊಂಡೆ. 110 ಅಲ್ಲೇ ಕೂತಿತ್ತು. ಸ್ಕ್ರೀನ್‌ಶಾಟ್ ಕಳಿಸಿದೆ. ಮೂರು ಚುಕ್ಕಿಗಳು ಬಹಳ ಹೊತ್ತು ಕುಣಿದವು. ಆಮೇಲೆ ಉತ್ತರ: “ಲಾಭ ಜಾಸ್ತಿ ತೋರಿಸ್ತಿದೆ ಅಂತ ಕಂಪ್ಲೇಂಟ್ ಮಾಡಿರೋದು ನೀವೊಬ್ರೇ ಸರ್.” ಜೊತೆಗೊಂದು ನಗುಮುಖ. ಎರಡನೇ ಲಕ್ಷ ನನ್ನ ಸಂಬಳದ್ದು, ಷೇರು ದುಡಿದದ್ದಲ್ಲ ಎಂದು ಬಿಡಿಸಿ ಹೇಳಿದರೆ, “ಹೊಸಬರಿಗೆ ಅಂತ ಒಂದು ವಿಡಿಯೋ ಇದೆ, ಕಳಿಸ್ಲಾ ಸರ್?” ಕೊನೆಗೆ, “ಫ್ರೀ ಆಪ್ ಅಲ್ವಾ ಸರ್.” ಚಾಟ್ ಬಂದ್. ಮರುಕ್ಷಣವೇ ಐದು ನಕ್ಷತ್ರ ಕೊಡಿ ಎಂಬ ಕೋರಿಕೆ.

ಉಚಿತವಾದರೆ ಕೂಡಿ ಕಳೆಯುವುದೂ ತಪ್ಪಬಹುದೆ? ಹಣದ ಲೆಕ್ಕವಿಡುವ ತಂತ್ರಾಂಶಗಳಾದ ಗ್ನೂಕ್ಯಾಶ್, ಪೋರ್ಟ್‌ಫೋಲಿಯೋ ಪರ್ಫಾರ್ಮೆನ್ಸ್ ಕೂಡ ಪುಕ್ಕಟೆಯೇ. ಅದೂ ಬೇಡ, ಲಿಬ್ರೆಆಫೀಸ್‌ನ ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಕಾಲಂಗೆ ತಾರೀಕು, ಇನ್ನೊಂದಕ್ಕೆ ಮೊತ್ತ ತುಂಬಿ ಎಕ್ಸ್‌ಐಆರ್‌ಆರ್ ಸೂತ್ರ ಕೊಟ್ಟೆ, ಉತ್ತರ ಬಂತು. (ಹಾಕಿದ ಮೊತ್ತಕ್ಕೆ ಮೈನಸ್ ಗುರುತು ಇರಬೇಕು. ನಿಮ್ಮ ಡೆವಲಪರ್‌ಗಳಿಗೆ ದಯವಿಟ್ಟು ತಿಳಿಸಿ.)

ಏಳು ದಿನ ಕಾಯುತ್ತೇನೆ. ಆಮೇಲೆ ನನ್ನ ವ್ಯವಹಾರಗಳನ್ನೆಲ್ಲ ಸಿಎಸ್‌ವಿ ಫೈಲಿಗೆ ಇಳಿಸಿಕೊಂಡು ಖಾತೆ ಅಳಿಸುತ್ತೇನೆ. ಆ ಚಾಟ್‌ ಸಾಲುಸಾಲಾಗಿ, ನಗುಮುಖದ ಸಮೇತ, ಆಪ್ ಸ್ಟೋರ್‌ನ ರಿವ್ಯೂನಲ್ಲಿ ಬರುತ್ತದೆ. ಜೊತೆಗೆ ಒಂದು ನಕ್ಷತ್ರ. ಸೊನ್ನೆ ಕೊಡಲು ಅಲ್ಲಿ ಅವಕಾಶವಿಲ್ಲ.

ಇಂತಿ,
ನಾಲ್ಕು ಸಲ ‘ಪರಿಹಾರ’ ಪಡೆದ ಬಳಕೆದಾರ