ಸುವರ್ಣಯುಗವಲ್ಲ, ಬೆಳ್ಳಿಯುಗ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಪ್ರಾಚೀನ ಗ್ರೀಸಿನ ಅಥೆನ್ಸ್ ನಗರದ ‘ಸುವರ್ಣಯುಗ’ದ ಲೇಖನ ಓದಿದೆ. ಪಾರ್ಥೆನಾನ್ ಗುಡಿ, ಪೆರಿಕ್ಲಿಸ್, ಸಾಕ್ರಟೀಸ್, ನಾಟಕದ ಸ್ಪರ್ಧೆಗಳು, ಎಲ್ಲ ಚೆನ್ನಾಗಿತ್ತು. ಪಕ್ಕದಲ್ಲಿ ಒಂದು ಬೆಳ್ಳಿ ನಾಣ್ಯದ ಚಿತ್ರ. ಕೆಳಗೆ ‘ಅಥೀನಾ ದೇವಿಯ ಗೂಬೆ’ ಅಂತ ಅಡಿಬರಹ. ಆ ಬೆಳ್ಳಿ ಎಲ್ಲಿಂದ ಬಂತು ಅನ್ನುವುದು ಮಾತ್ರ ಇಡೀ ಪುಟದಲ್ಲಿ ಎಲ್ಲೂ ಇಲ್ಲ.

ನಾನು ಬಂಗಾರಪೇಟೆಯವಳು. ನಮ್ಮಪ್ಪ ಇಪ್ಪತ್ತಾರು ವರ್ಷ ಮಾರಿಕುಪ್ಪಂ ರೈಲು ಹತ್ತಿ ಕೆಜಿಎಫ್ ಚಿನ್ನದ ಗಣಿಗೆ ಹೋಗಿಬಂದವರು. ಏನಾದರೂ ಹೊಳೆಯುವುದು ಕಂಡರೆ ‘ಇದನ್ನ ಅಗೆದೋರು ಯಾರು?’ ಅಂತ ಕೇಳುವುದು ನಮ್ಮ ಮನೆಯ ಚಾಳಿ.

ಅಥೆನ್ಸಿನ ಬೆಳ್ಳಿ ಬಂದದ್ದು ಲಾರಿಯನ್ ಗಣಿಯಿಂದ. ಸೂನಿಯನ್ ಭೂಶಿರದ ಹತ್ತಿರದ ಗುಡ್ಡಗಳವು. ಸೀಸದ ಅದಿರಿನಲ್ಲಿ ಬೆಳ್ಳಿ ಬೆರೆತಿರುತ್ತಿತ್ತು. ಕ್ರಿ.ಪೂ. 483ರ ಸುಮಾರಿಗೆ ಅಲ್ಲಿ ಭಾರಿ ‘ರೀಫ್’ ಸಿಕ್ಕಿತು (ಬಂಡೆಯೊಳಗಿನ ಅದಿರಿನ ಪಟ್ಟಿಗೆ ಇದು ಅಪ್ಪನ ಮಾತು). ಬಂದ ದುಡ್ಡನ್ನು ತಲೆಗೆ 10 ಡ್ರಾಕ್ಮಾದಂತೆ (ಅವರ ಬೆಳ್ಳಿ ನಾಣ್ಯ) ಹಂಚಿಕೊಳ್ಳೋಣ ಅಂತ ಊರವರು ಕೂತಿದ್ದರು. ಅಥೆನ್ಸಿನ ನಾಯಕ ಥೆಮಿಸ್ಟೊಕ್ಲಿಸ್ ಬೇಡ ಅಂದ, ಹಡಗು ಕಟ್ಟಿಸಿದ. ಮೂರೇ ವರ್ಷಕ್ಕೆ ಸಲಾಮಿಸ್ ದ್ವೀಪದ ಬಳಿ ಪರ್ಷಿಯಾದ ನೌಕಾಪಡೆ ಸೋತುಹೋಯಿತು. ನಿಮ್ಮ ಲೇಖನದಲ್ಲಿ ಸಲಾಮಿಸ್ ಇದೆ. ಹಡಗಿನ ದುಡ್ಡು ಇಲ್ಲ.

ಗಣಿಯೊಳಗೆ ದುಡಿದವರು ಗುಲಾಮರು. ಸುರಂಗಗಳು ಎಷ್ಟೋ ಕಡೆ ಒಂದು ಮೀಟರ್ ಎತ್ತರವೂ ಇರಲಿಲ್ಲ. ಕೈಯಲ್ಲಿ ಸುತ್ತಿಗೆ, ಉಳಿ. ಬೆಳಕಿಗೆ ಮಣ್ಣಿನ ಹಣತೆ. ನಾನು ಎಂಟನೇ ತರಗತಿಗೆ ಗ್ರೀಕ್ ನಾಗರಿಕತೆ ಪಾಠ ಮಾಡುವಾಗ ಒಂದು ಸಲ ಇಬ್ಬರು ಹುಡುಗರನ್ನು ಬೆಂಚುಗಳ ಅಡಿಯಲ್ಲೇ ಮುಂದಿನಿಂದ ಹಿಂದಿನವರೆಗೆ ತೆವಳಿಸಿದ್ದೆ. ಒಬ್ಬ ಅರ್ಧಕ್ಕೇ ಎದ್ದು ತಲೆ ಹೊಡೆಸಿಕೊಂಡ. ‘ಮಿಸ್, ಇಲ್ಲಿ ಅಗೆಯೋದು ಹೆಂಗೆ, ತಿರುಗೋಕೇ ಆಗಲ್ಲ’ ಅಂದ. ಹೆಡ್‌ಮಾಸ್ಟರು ನನ್ನನ್ನು ಕರೆದು ಬೈದರು. ಇರಲಿ, ಆ ವರ್ಷ ಆ ಪಾಠವನ್ನು ಯಾರೂ ಮರೆಯಲಿಲ್ಲ.

ಅಥೆನ್ಸಿನಲ್ಲಿ ನಿಸಿಯಾಸ್ ಅಂತ ಒಬ್ಬ ಸೇನಾಪತಿ ಇದ್ದ. ಭಾರಿ ದೈವಭಕ್ತ ಅಂತ ಹೆಸರು. ಅವನು ತನ್ನ 1,000 ಗುಲಾಮರನ್ನು ಗಣಿ ಕೆಲಸಕ್ಕೆ ಬಾಡಿಗೆಗೆ ಕೊಟ್ಟಿದ್ದ ಅಂತ ಗ್ರೀಕ್ ಲೇಖಕ ಕ್ಸೆನೊಫೊನ್ ಬರೆದಿದ್ದಾನೆ. ತಲೆಗೆ ದಿನಕ್ಕೊಂದು ಒಬೊಲ್. ಆರು ಒಬೊಲ್‌ಗೆ ಒಂದು ಡ್ರಾಕ್ಮಾ. ಲೆಕ್ಕ ಹಾಕಿ, ಕೂತಲ್ಲೇ ದಿನಕ್ಕೆ 166 ಡ್ರಾಕ್ಮಾಕ್ಕೂ ಜಾಸ್ತಿ. ಜೊತೆಗೆ ಒಂದು ಕರಾರು: ತಲೆಗಳ ಸಂಖ್ಯೆ ಯಾವಾಗಲೂ ಸಾವಿರವೇ ಇರಬೇಕು. ಒಬ್ಬ ಸತ್ತರೆ ಬಾಡಿಗೆಗೆ ಪಡೆದವನೇ ಇನ್ನೊಬ್ಬನನ್ನು ತಂದು ಭರ್ತಿ ಮಾಡಬೇಕು. ನಮ್ಮ ಕಡೆ ಎತ್ತು ಬಾಡಿಗೆಗೆ ಕೊಡುವವರು ಕೂಡ, ಎತ್ತು ಸತ್ತರೆ ಒಂದು ಗಳಿಗೆ ಮರುಗುತ್ತಾರೆ.

ನಮ್ಮಪ್ಪನನ್ನು ಆ ಗುಲಾಮರಿಗೆ ಹೋಲಿಸುತ್ತಿಲ್ಲ. ಅಪ್ಪ ಇಳಿಯುತ್ತಿದ್ದ ಗಣಿ ಮೂರು ಕಿಲೋಮೀಟರಿಗೂ ಆಳ ಇತ್ತು, ಬಂಡೆ ಮುಟ್ಟಿದರೆ ಬಿಸಿ ಅನ್ನುತ್ತಿದ್ದರು. ಆದರೆ ಅವರಿಗೆ ಸಂಬಳ ಇತ್ತು, ಯೂನಿಯನ್ ಇತ್ತು, ಬೇಡ ಅನ್ನುವ ಬಾಯಿ ಇತ್ತು. 1930ರಲ್ಲೇ ಕೆಜಿಎಫ್ ಕಾರ್ಮಿಕರು ಬೆರಳಚ್ಚು ಕೊಡುವುದಿಲ್ಲ ಅಂತ ಮುಷ್ಕರ ಹೂಡಿದವರು. ಅಪ್ಪ ಆಗಿನ್ನೂ ಹುಟ್ಟಿರಲಿಲ್ಲ, ಆದರೂ ತಾವೇ ಮುಂದೆ ನಿಂತ ಹಾಗೆ ಹೇಳುತ್ತಿದ್ದರು.

ಲಾರಿಯನ್‌ನವರಿಗೆ ಇದ್ದದ್ದು ಒಂದೇ ದಾರಿ, ಓಡುವುದು. ಕ್ರಿ.ಪೂ. 413ರಲ್ಲಿ ಅಥೆನ್ಸಿನ ಶತ್ರುಗಳಾದ ಸ್ಪಾರ್ಟಾದವರು ಹತ್ತಿರದ ಡೆಸಿಲಿಯಾದಲ್ಲಿ ಕೋಟೆ ಕಟ್ಟಿ ಕೂತಾಗ ಅಥೆನ್ಸಿನ ಕಡೆಯಿಂದ 20,000ಕ್ಕೂ ಹೆಚ್ಚು ಗುಲಾಮರು ಓಡಿಹೋದರು ಅಂತ ಇತಿಹಾಸಕಾರ ಥುಸಿಡಿಡಿಸ್ ಬರೆದಿದ್ದಾನೆ. ಗಣಿ ಕೆಲಸವೂ ಕುಸಿಯಿತು. ಕೆಲವೇ ವರ್ಷಗಳಲ್ಲಿ ಅಥೆನ್ಸಿನವರು ತಾಮ್ರದ ನಾಣ್ಯಕ್ಕೆ ಬೆಳ್ಳಿ ಲೇಪ ಹಚ್ಚಿ ಚಲಾಯಿಸಬೇಕಾಯಿತು. ತತ್ವಜ್ಞಾನಿಗಳೇನೋ ಊರಲ್ಲೇ ಇದ್ದರು. ಬೆಳ್ಳಿ ಇರಲಿಲ್ಲ.

ಇನ್ನೊಂದು ವಿಷಯ. ಲಾರಿಯನ್‌ನಲ್ಲಿ ಗುಡ್ಡೆ ಬಿದ್ದಿದ್ದ ಹಳೇ ಕಿಟ್ಟವನ್ನು (ಅದಿರು ಕರಗಿಸಿದ ಮೇಲೆ ಉಳಿದ ಕಸ) 1860ರ ದಶಕದಲ್ಲಿ ಮತ್ತೆ ಕರಗಿಸಿ ಸೀಸ ತೆಗೆದರು. ಚಿನ್ನ ತೆಗೆದ ಮೇಲೆ ಕೆಜಿಎಫ್‌ನಲ್ಲಿ ಗುಡ್ಡೆ ಹಾಕಿದ ಪುಡಿಯ ‘ಸೈನೈಡ್ ದಿಬ್ಬ’ಗಳಲ್ಲಿ ಇನ್ನೂ ಚಿನ್ನ ಇದೆಯಂತೆ ಅನ್ನುವ ಮಾತು ಬಂದಾಗೆಲ್ಲ ನನಗೆ ಅದೇ ನೆನಪಾಗುತ್ತದೆ. ಕೆಜಿಎಫ್ ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ಕ್ಕೆ. ಆಷಾಢದ ಗಾಳಿ ಎದ್ದರೆ ಆ ದಿಬ್ಬಗಳ ಧೂಳು ಈಗಲೂ ಏಳುತ್ತದೆ.

ಯಾರ ಮೇಲೂ ಗೂಬೆ ಕೂರಿಸುವುದಕ್ಕೆ ಬರೆದ ಪತ್ರ ಅಲ್ಲ ಇದು. ಗೂಬೆ ಹೇಗೂ ನಾಣ್ಯದ ಮೇಲೇ ಕೂತಿದೆ. ಇನ್ನೊಂದು ಸಲ ಆ ಚಿತ್ರ ಹಾಕುವಾಗ ಅಡಿಬರಹಕ್ಕೆ ‘ಬೆಳ್ಳಿ: ಲಾರಿಯನ್ ಗಣಿಯದು’ ಅಂತ ಮೂರು ಪದ ಸೇರಿಸಿ. ಜಾಗ ಸಾಲದಿದ್ದರೆ ದೇವಿಯ ಹೆಸರು ಬಿಡಿ. ಅವಳೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

– ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ, ಬಂಗಾರಪೇಟೆ, ಕೋಲಾರ ಜಿಲ್ಲೆ