ಹಳಿ ಮೇಲೆ ನಿಲ್ಲದ ಕ್ರೇನ್ ಸೆಟ್: ಪೂರ್ತಿ ಹಣ ವಾಪಸ್ ಕೊಡುವ ಕುರಿತು

ಗೆ,
ದೂರು ಪರಿಹಾರ ಅಧಿಕಾರಿಗಳು,
ಮಾಡೆಲ್ ರೈಲು ಮಾರಾಟ ವಿಭಾಗ

ಇಂದ,
ನಿಮ್ಮ ಗ್ರಾಹಕ, ಕಲಬುರಗಿ

ವಿಷಯ: ಎಚ್‌ಒ ಸ್ಕೇಲಿನ (ಅಸಲಿಯ 87ನೇ ಒಂದು ಭಾಗದ ಅಳತೆ) ಬ್ರೇಕ್‌ಡೌನ್ ಕ್ರೇನ್ (ಹಳಿ ತಪ್ಪಿದ ಗಾಡಿ ಎತ್ತುವ ಕ್ರೇನ್) ಮತ್ತು ವರ್ಕ್ ಟ್ರೈನ್ ಸೆಟ್, ₹32,400. ಬಿಲ್ಲಿನ ಪ್ರತಿ, ಫೋಟೊ, ವಿಡಿಯೊ ಲಗತ್ತಿಸಿದೆ.

ಮಾನ್ಯರೇ,

ಫೋನಿನಲ್ಲಿ ಸಮಾಧಾನದಿಂದ ಹೇಳಿದ್ದಾಯಿತು, ಮೇಲ್ ಹಾಕಿದ್ದಾಯಿತು, ಕೇಳಿದ ವಿಡಿಯೊ ಕಳಿಸಿದ್ದೂ ಆಯಿತು. ಕೊನೆಗೆ ನಿಮ್ಮವರು "ಗ್ರಾಹಕರ ತಪ್ಪು ಬಳಕೆ" ಎಂದು ಒಂದು ಸಾಲು ಬರೆದು ದೂರನ್ನು ಮುಚ್ಚಿಬಿಟ್ಟಿದ್ದಾರೆ. ಆ ಸಾಲಿಗೆ ನನ್ನ ಉತ್ತರ ಇಲ್ಲಿದೆ.

ಸೆಟ್ಟಿನಲ್ಲಿರುವುದು ನಾಲ್ಕು ಗಾಡಿ: ಮೋಟಾರಿನಿಂದ ತಿರುಗುವ ಕ್ರೇನ್, ಅದರ ಬೂಮ್ (ಭಾರ ಎತ್ತುವ ಉದ್ದನೆಯ ತೋಳು) ಮಲಗುವ ಮ್ಯಾಚ್ ವ್ಯಾಗನ್, ಟೂಲ್ ವ್ಯಾನ್, ಜಲ್ಲಿ ಸುರಿಯುವ ಹಾಪರ್. ಟೂಲ್ ವ್ಯಾನ್ ಮತ್ತು ಹಾಪರ್ ಬಗ್ಗೆ ತಕರಾರಿಲ್ಲ, ಚೆನ್ನಾಗಿ ಓಡುತ್ತವೆ. ಪೆಟ್ಟಿಗೆ ಮೇಲೆ ನೀವೇ ಅಚ್ಚು ಹಾಕಿಸಿದ್ದೀರಿ: "ಓಡುವ ಮಾದರಿ. 18 ಇಂಚು ರೇಡಿಯಸ್ಸಿನ ತಿರುವಿಗೆ ಸೂಕ್ತ." ನನ್ನ ಹಳಿಯಲ್ಲಿ ಅತಿ ಬಿಗಿಯಾದ ತಿರುವೇ 22 ಇಂಚಿನದು. ಅಲ್ಲಿಯೂ ಕ್ರೇನ್ ಬೀಳುತ್ತದೆ. ಪಾಯಿಂಟ್ಸ್ (ಹಳಿ ಕವಲೊಡೆಯುವ ಜಾಗ) ದಾಟುವಾಗಲಂತೂ ಪ್ರತಿ ಸಲ ಬೀಳುತ್ತದೆ.

ಪಾಯಿಂಟ್ಸಿನಲ್ಲಿ ಬೀಳುವುದಕ್ಕೆ ಕಾರಣ ಗಾಲಿ. 16.5 ಮಿ.ಮೀ. ಗೇಜಿನಲ್ಲಿ (ಎರಡು ಹಳಿಗಳ ನಡುವಿನ ಅಂತರ) ಎರಡು ಗಾಲಿಗಳ ಒಳಮುಖದ ನಡುವಿನ ಅಂತರ 14.4 ಮಿ.ಮೀ. ಆಸುಪಾಸು ಇರಬೇಕು. ನಿಮ್ಮ ಕ್ರೇನಿನ ಎಲ್ಲ ಆಕ್ಸಲ್‌ಗಳನ್ನೂ ವರ್ನಿಯರ್ (ಮಿಲಿಮೀಟರಿನ ಭಾಗಗಳನ್ನೂ ಅಳೆಯುವ ಸಾಧನ) ಹಿಡಿದು ಅಳೆದಿದ್ದೇನೆ, ಎಲ್ಲವೂ 13.8. ಅಂತರ ಹೀಗೆ ಕಡಿಮೆಯಾದರೆ ಗಾಲಿಯ ಒಳಮುಖ ಪಾಯಿಂಟ್ಸಿನಲ್ಲಿ ಹಳಿಯ ಒಳಬದಿಗಿರುವ ಚೆಕ್ ರೇಲಿಗೆ ಉಜ್ಜಿ ಮೇಲಕ್ಕೆ ಹತ್ತುತ್ತದೆ, ಹತ್ತಿದ ಗಾಲಿ ಆಚೆ ಜಾರಿ ಬೀಳುತ್ತದೆ. ಒಂದು ಆಕ್ಸಲ್ ಕೆಟ್ಟಿದ್ದರೆ ಸಾಗಣೆಯಲ್ಲಿ ಪೆಟ್ಟಾಗಿದೆ ಎನ್ನಬಹುದಿತ್ತು. ಎಲ್ಲವೂ ಒಂದೇ ಅಳತೆಗೆ ತಪ್ಪಿವೆ ಎಂದರೆ ಕಾರ್ಖಾನೆಯಲ್ಲಿ ಗಾಲಿ ಒತ್ತಿ ಕೂರಿಸುವಾಗಲೇ ತಪ್ಪಿದೆ.

ತಿರುವಿನಲ್ಲಿ ಬೀಳುವುದಕ್ಕೆ ಕಾರಣ ಬೂಮ್, ದೊಡ್ಡ ದೋಷ ಇರುವುದೇ ಇಲ್ಲಿ. ಅಸಲಿ ಬ್ರೇಕ್‌ಡೌನ್ ಕ್ರೇನ್ ಸಾಗುವಾಗ ಬೂಮ್ ಪಕ್ಕದ ವ್ಯಾಗನ್ ಮೇಲೆ ಮಲಗಿರುತ್ತದೆ, ತಿರುವಿನಲ್ಲಿ ಅಡ್ಡಕ್ಕೆ ಸರಿಯಲು ಅದಕ್ಕೆ ಆಸ್ಪದ ಇರುತ್ತದೆ. ನಿಮ್ಮ ಮಾದರಿಯಲ್ಲಿ ಕ್ರೇನ್ ತಿರುಗುವ ನಡುಬಿಂದುವಿನಿಂದ ಬೂಮಿನ ಆಸರೆಯವರೆಗೆ 150 ಮಿ.ಮೀ. ದೂರವಿದೆ. ಕ್ರೇನ್ ತಿರುಗದೆ ಬಿಗಿಯಾಗಿ ನಿಂತರೆ, 18 ಇಂಚಿನ ತಿರುವಿನಲ್ಲಿ ಆ ಜಾಗದಲ್ಲಿ ಬೂಮ್ ಹಳಿಯ ನಡುಗೆರೆಯಿಂದ ಸುಮಾರು 24 ಮಿ.ಮೀ. ಹೊರಕ್ಕೆ ಹೋಗುತ್ತದೆ, 22 ಇಂಚಿನಲ್ಲಿ 20. ಆಸರೆಯಲ್ಲಿ ನೀವು ಬಿಟ್ಟಿರುವ ಸಡಿಲು ಒಂದೊಂದು ಬದಿಗೆ 3 ಮಿ.ಮೀ. ಉಳಿದಷ್ಟನ್ನೂ ಬೂಮ್ ಮ್ಯಾಚ್ ವ್ಯಾಗನ್ನನ್ನು ದಬ್ಬಿಯೇ ತೀರಿಸಿಕೊಳ್ಳಬೇಕು.

ಹಾಗಾಗಬಾರದು ಎಂದರೆ ಓಡಿಸುವ ಮೊದಲು ಕ್ರೇನ್ ಕೈಯಿಂದ ಸಲೀಸಾಗಿ ತಿರುಗುವಂತಿರಬೇಕು. ಒಳಗಿರುವುದು ವರ್ಮ್ ಗೇರ್. ಮೋಟಾರು ಅದನ್ನು ತಿರುಗಿಸಬಹುದೇ ಹೊರತು ಬೂಮಿನ ಕಡೆಯಿಂದ ತಳ್ಳಿದರೆ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಆದ್ದರಿಂದ ಗೇರ್ ಬಿಡಿಸುವ ಲಿವರ್ ಬೇಕೇ ಬೇಕು. ನಿಮ್ಮ ಕೈಪಿಡಿಯೂ ಅದನ್ನೇ ಹೇಳುತ್ತದೆ: "ಓಡಿಸುವ ಮುನ್ನ ಲಿವರನ್ನು ಬಲಕ್ಕೆ ಸರಿಸಿ." ಲಿವರ್ ಕ್ಯಾಬಿನ ಹಿಂದೆ ಇದೆ, ಕೆಂಪು ಬಣ್ಣ ಬಳಿದಿದೆ, ಆದರೆ ಸರಿಯುವುದಿಲ್ಲ. ಕೆಳಗಿನ ಎರಡು ಸ್ಕ್ರೂ ಬಿಚ್ಚಿ ನೋಡಿದರೆ ಅದು ಕ್ಯಾಬಿನ ಜೊತೆಗೇ ಅಚ್ಚು ಹೊಯ್ದ ಪ್ಲಾಸ್ಟಿಕ್ ಉಬ್ಬು! ಒಳಗೆ ಕ್ಲಚ್ಚೂ ಇಲ್ಲ, ಕೊಂಡಿಯೂ ಇಲ್ಲ. ಹತ್ತಿರದಿಂದ ತೆಗೆದ ಫೋಟೊ ಲಗತ್ತಿನಲ್ಲಿದೆ.

ಮ್ಯಾಚ್ ವ್ಯಾಗನ್ ತೂಕವೂ ಸಾಲದು. ಅಮೆರಿಕದ ಮಾಡೆಲ್ ರೈಲು ಹವ್ಯಾಸಿಗಳ ಸಂಘವಾದ ಎನ್‌ಎಂಆರ್‌ಎ ಶಿಫಾರಸಿನ ಪ್ರಕಾರ ಎಚ್‌ಒ ಗಾಡಿಗೆ 1 ಔನ್ಸ್, ಅದರ ಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. 6 ಇಂಚಿನ ಈ ವ್ಯಾಗನ್ನಿಗೆ 4 ಔನ್ಸ್, ಅಂದರೆ 113 ಗ್ರಾಂ ಬೇಕು. ಇರುವುದು 52. ಮುಂದೆ ಎಂಜಿನ್, ಹಿಂದೆ ಭಾರದ ಕ್ರೇನ್, ನಡುವೆ ಇದು. ಎಳೆದರೆ ತಿರುವಿನ ಒಳಕ್ಕೆ ವಾಲುತ್ತದೆ, ದಬ್ಬಿದರೆ ಹೊರಕ್ಕೆ ಎಗರುತ್ತದೆ. ಹುಕ್ಕೂ ಅಷ್ಟೇ ಹಗುರ. ಇಳಿಸುವಾಗ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಲಾರದೆ ದಾರ ಡ್ರಮ್ಮಿನಿಂದ ಹಾರಿ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ.

ಇಷ್ಟನ್ನೂ ನಿಮ್ಮ ಸರ್ವಿಸ್ ವಿಭಾಗಕ್ಕೆ ಫೋನಿನಲ್ಲಿ ವಿವರಿಸಿದೆ. ಆ ಮಾತುಕತೆಯನ್ನು ಹಾಗೇ ಬರೆಯುತ್ತೇನೆ, ಓದಿ.

"ಸಾರ್, ಮನೇಲಿ ಚಿಕ್ಕ ಮಕ್ಕಳಿದ್ದಾರಾ?"

"ಇಲ್ರಿ. ನಾನು ಗಾಲಿ ಅಂತರದ ಬಗ್ಗೆ ಹೇಳ್ಲಿಕತ್ತೀನಿ."

"ಎಲ್ಲಿಂದ ಸಾರ್ ಮಾತಾಡ್ತಿರೋದು?"

"ಕಲಬುರಗಿ."

"ಓ, ಗುಲ್ಬರ್ಗಾನಾ! ಅಲ್ಲಿ ಬಿಸಿಲು ಜಾಸ್ತಿ ಅಲ್ವಾ ಸಾರ್. ಪ್ಲಾಸ್ಟಿಕ್ ಬಾಗಿರುತ್ತೆ."

"ಆಕ್ಸಲ್ ಉಕ್ಕಿಂದು ಐತ್ರಿ. ನೀವು ವರ್ನಿಯರ್ ತಗೊಂಡು ನಿಮ್ಮ ಸ್ಟಾಕಿನಾಗಿನ ಒಂದು ಕ್ರೇನ್ ಅಳೀರಿ, ನಾ ಲೈನಿನ್ಯಾಗೇ ಇರ್ತೀನಿ."

"ವರ್ನಿಯರ್ ಅಂದ್ರೆ ಏನ್ ಸಾರ್?"

ನಾನು ವಿವರಿಸುತ್ತಿದ್ದಂತೆ ಅವರು ಫೋನನ್ನು ಸ್ಪೀಕರಿಗೆ ಹಾಕಿದರು. ಹಿಂದಿನಿಂದ ಇನ್ನೊಬ್ಬರ ದನಿ ಸ್ಪಷ್ಟವಾಗಿ ಕೇಳಿಸಿತು: "ಕ್ರೇನೇ ಬಿದ್ದಿದೆಯಂತೆ, ಎತ್ತೋಕೆ ರೈಲ್ವೆಯವರಿಗೆ ಫೋನ್ ಮಾಡೋಕೆ ಹೇಳು." ಮೂರು-ನಾಲ್ಕು ಜನ ನಕ್ಕರು. ಆಮೇಲೆ ಮೊದಲಿನವರು ಗಂಟಲು ಸರಿಮಾಡಿಕೊಂಡು, "ಇದು ಶೋಕೇಸಲ್ಲಿ ಇಡೋ ಪೀಸ್ ಸಾರ್, ಓಡಿಸೋಕಲ್ಲ" ಎಂದು ಹೇಳಿ ಫೋನ್ ಇಟ್ಟರು.

ಬಿಸಿಲಿನ ಮಾತಿಗೆ ಉತ್ತರ: ಕಲಬುರಗಿಯ ಬೇಸಿಗೆ 45 ಡಿಗ್ರಿ ಮುಟ್ಟಬಹುದು. ಎಬಿಎಸ್ ಪ್ಲಾಸ್ಟಿಕ್ ಮೆತ್ತಗಾಗಲು 90ರ ಆಸುಪಾಸು ಬೇಕು. ಯಾವ ಬಿಸಿಲೂ ಉಕ್ಕಿನ ಆಕ್ಸಲ್ ಮೇಲಿನ ಗಾಲಿಗಳ ಅಂತರವನ್ನು ಎಲ್ಲ ಕಡೆ ಒಂದೇ ಸಮ 0.6 ಮಿ.ಮೀ. ಕಡಿಮೆ ಮಾಡುವುದಿಲ್ಲ. ನಗುವಿನ ಬಗ್ಗೆಯೂ ಹೇಳಬೇಕಾದ್ದಿದೆ. ನಮ್ಮ ಜಿಲ್ಲೆಯಲ್ಲಿ ವಾಡಿ ಜಂಕ್ಷನ್ ಇದೆ. ಹಳಿ ಕೆಳಗಿನ ಜಲ್ಲಿ ಗಟ್ಟಿ ಮಾಡುವ ಟ್ಯಾಂಪಿಂಗ್ ಮಷೀನು, ಜಲ್ಲಿ ಹಾಪರು, ಅಪಘಾತದ ಜಾಗಕ್ಕೆ ಹೋಗುವ ರಿಲೀಫ್ ಟ್ರೈನು ಕಣ್ಣಾರೆ ಕಂಡ ಜನ ನಾವು. ಮಾದರಿಯ ಸರಿ ತಪ್ಪು ನಮಗೆ ಗೊತ್ತಾಗುತ್ತದೆ. ಊರಿನ ಹೆಸರು ಕೇಳಿ ಗ್ರಾಹಕನನ್ನು ಅಳೆಯುವುದು ನಿಮ್ಮ ಸಂಸ್ಥೆಯ ನೀತಿಯಾದರೆ ಅದನ್ನೂ ಪೆಟ್ಟಿಗೆ ಮೇಲೆ ಅಚ್ಚು ಹಾಕಿಸಿ.

ನಿಯಮ ನಿಮಗೆ ತಿಳಿದದ್ದೇ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಮುಟ್ಟಿದ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ದೋಷವಿರುವ ಅಥವಾ ಜಾಹೀರಾತಿನಂತೆ ಇಲ್ಲದ ಮಾಲನ್ನು ವಾಪಸ್ ತೆಗೆದುಕೊಳ್ಳಲು ನಿರಾಕರಿಸುವಂತಿಲ್ಲ. "ಓಡುವ ಮಾದರಿ" ಎಂದು ಮಾರಿ, ಫೋನಿನಲ್ಲಿ "ಶೋಕೇಸ್ ಪೀಸ್" ಎಂದಿದ್ದೀರಿ.

ಬದಲಿ ಸೆಟ್ ಬೇಡ. ಅದೇ ಅಚ್ಚಿನ ಇನ್ನೊಂದು ಕ್ರೇನಿನಲ್ಲೂ ಲಿವರ್ ಇರುವುದಿಲ್ಲ. ಪೂರ್ತಿ ₹32,400 ವಾಪಸ್ ಬರಬೇಕು, ಪೆಟ್ಟಿಗೆಯನ್ನು ನಿಮ್ಮ ಖರ್ಚಿನಲ್ಲಿ ಒಯ್ಯಬೇಕು. "ಗ್ರಾಹಕರ ತಪ್ಪು ಬಳಕೆ" ಎಂಬ ಸಾಲನ್ನು ದಾಖಲೆಯಿಂದ ತೆಗೆದು ಲಿಖಿತವಾಗಿ ತಿಳಿಸಬೇಕು. ಹಣ ಬಂದು ಆ ಸಾಲು ಉಳಿದರೂ ನಾನು ಬಿಡುವುದಿಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಅರ್ಜಿ ಸಿದ್ಧವಿದೆ. ತಿಂಗಳು ಮುಗಿದ ಮರುದಿನವೇ ಅದು ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗದ ಮುಂದಿರುತ್ತದೆ. ಕ್ರೇನನ್ನೂ ವರ್ನಿಯರನ್ನೂ ಆಯೋಗದ ಮೇಜಿನ ಮೇಲಿಡುತ್ತೇನೆ. ನಿಮ್ಮ ಪರವಾಗಿ ಬರುವವರು ಎಲ್ಲರೆದುರು ಆ ಲಿವರನ್ನು ಬಲಕ್ಕೆ ಸರಿಸಿ ತೋರಿಸಲಿ.

ಇಂತಿ,
ನಿಮ್ಮ ಗ್ರಾಹಕ
ಕಲಬುರಗಿ